ಬ್ಯಾರಿ ಫಿಟ್ಜೆರಾಲ್ಡ್: ಆ್ಯಬಿ ರಂಗಮಂದಿರದ ದೊಡ್ಡ ನಟನನ್ನು ಹಾಲಿವುಡ್ ಸಣ್ಣದು ಮಾಡಿತೇ?

ಶರಾವತಿ ತೀರ (ಚರ್ಚೆ ಆರಂಭಿಸಿದವರು)

ಹದಿನೈದು ದಿನಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ನಮ್ಮ ಹವ್ಯಾಸಿ ತಂಡದವರು ಒಟ್ಟಿಗೆ ಕುಳಿತು ಓದುವುದಕ್ಕೆಂದು ಐರಿಷ್ ನಾಟಕಕಾರ ಶಾನ್ ಓ'ಕೇಸಿಯ ಜೂನೋ ಅಂಡ್ ದ ಪೇಕಾಕ್ ನಾಟಕವನ್ನು ಕೈಗೆತ್ತಿಕೊಂಡಿದ್ದೆವು. 1924ರ ಮಾರ್ಚ್‌ನಲ್ಲಿ ಡಬ್ಲಿನ್ನಿನ ಆ್ಯಬಿ ರಂಗಮಂದಿರದಲ್ಲಿ ಈ ನಾಟಕ ಮೊದಲು ರಂಗವೇರಿದಾಗ ಕ್ಯಾಪ್ಟನ್ ಬಾಯ್ಲ್ ಪಾತ್ರವನ್ನು ಮಾಡಿದವರು ಬ್ಯಾರಿ ಫಿಟ್ಜೆರಾಲ್ಡ್.

ನಾಟಕ ಓದದವರಿಗಾಗಿ ಒಂದೆರಡು ಮಾತು. ಬಾಯ್ಲ್ ದೊಡ್ಡ ನಾವಿಕನಂತೆ ಬಡಾಯಿ ಕೊಚ್ಚುವ ಸೋಮಾರಿ. ಡಬ್ಲಿನ್‌ನಿಂದ ಲಿವರ್‌ಪೂಲಿಗೆ ಹೋಗುವ ಕಲ್ಲಿದ್ದಲ ಹಡಗು ಹತ್ತಿದ್ದಷ್ಟೇ ಅವನ ಸಮುದ್ರಯಾನ. ಯಾರಾದರೂ ಕೆಲಸ ಇದೆ ಎಂದರೆ ಸಾಕು, ಅವನ ಕಾಲು ನೋವು ಶುರುವಾಗುತ್ತದೆ. ಎರಡು ಅಂಕಗಳ ಕಾಲ ನಾವು ಬಿದ್ದು ಬಿದ್ದು ನಗುತ್ತೇವೆ. ಕೊನೆಯಲ್ಲಿ ಮಗ ಗುಂಡೇಟಿಗೆ ಬಲಿಯಾಗಿದ್ದಾನೆ, ಹೆಂಡತಿ ಮಗಳನ್ನು ಕರೆದುಕೊಂಡು ಮನೆ ಬಿಟ್ಟಿದ್ದಾಳೆ, ಸಾಲ ಕೊಟ್ಟವರು ಸಾಮಾನನ್ನೆಲ್ಲ ಹೊತ್ತೊಯ್ದಿದ್ದಾರೆ. ಆ ಬರಿದಾದ ಕೋಣೆಗೆ ಕ್ಯಾಪ್ಟನ್ ಕುಡಿದು ತೂರಾಡುತ್ತ ಗೆಳೆಯನ ಜೊತೆ ಬರುತ್ತಾನೆ. ಅವನಿಗೆ ಏನೊಂದೂ ಗೊತ್ತಿಲ್ಲ. ಮೊದಲಿನದೇ ಬಡಾಯಿ, ಮೊದಲಿನದೇ ಧಾಟಿ. ಈಗ ಮಾತ್ರ ನಗು ಗಂಟಲಲ್ಲೇ ಕಟ್ಟುತ್ತದೆ.

ಈ ಪಾತ್ರ ಮಾಡಿದ ನಟ ಹಾಲಿವುಡ್‌ನಲ್ಲಿ ಏನು ಮಾಡಿದರು ಎಂದು ಹುಡುಕಿ ನೋಡಿದೆ. ಬ್ರಿಂಗಿಂಗ್ ಅಪ್ ಬೇಬಿಯಲ್ಲಿ ಕುಡುಕ ತೋಟಗಾರ, ಗೋಯಿಂಗ್ ಮೈ ವೇಯಲ್ಲಿ ಗೊಣಗುವ ಮುದಿ ಪಾದ್ರಿ, ದಿ ಕ್ವಯಟ್ ಮ್ಯಾನ್‌ನಲ್ಲಿ ಪೈಪು ಕಚ್ಚಿಕೊಂಡ ಕುದುರೆಗಾಡಿಯವ. ಐರಿಷ್ ಸಾಹಿತಿಗಳಾದ ಯೇಟ್ಸ್, ಲೇಡಿ ಗ್ರೆಗರಿ ಮತ್ತು ಎಡ್ವರ್ಡ್ ಮಾರ್ಟಿನ್ 1897ರಲ್ಲಿ ತಮ್ಮ ನಾಟಕ ಚಳವಳಿಯ ಉದ್ದೇಶವನ್ನು ಬರೆದಿಡುವಾಗ, ಐರ್ಲೆಂಡ್ ಕೋಡಂಗಿತನದ ನಾಡೂ ಅಲ್ಲ, ಅಗ್ಗದ ಭಾವುಕತೆಯ ನಾಡೂ ಅಲ್ಲ ಎಂಬುದನ್ನು ತೋರಿಸಿಕೊಡುತ್ತೇವೆ ಎಂದಿದ್ದರು. ಆ ಚಳವಳಿಯಿಂದಲೇ 1904ರಲ್ಲಿ ಆ್ಯಬಿ ಹುಟ್ಟಿತು. ಅಲ್ಲಿ ಬೆಳೆದ ನಟನೇ ಮುಂದೆ ಅಮೆರಿಕದ ಪರದೆಯ ಮೇಲೆ ಆ ಎರಡಕ್ಕೂ ಮುಖವಾದದ್ದು ನನಗೆ ನಿಜಕ್ಕೂ ನೋವಿನ ವಿಷಯವಾಗಿ ಕಾಣುತ್ತದೆ. ಬಾಯ್ಲ್‌ನ ಹಾಸ್ಯದೊಳಗೆ ವಿಷವಿತ್ತು. ಹಾಲಿವುಡ್ ಆ ವಿಷವನ್ನು ತೆಗೆದು ಹಾಸ್ಯವನ್ನು ಮಾತ್ರ ಇಟ್ಟುಕೊಂಡಿತು. ನಿಮ್ಮ ಅಭಿಪ್ರಾಯವೇನು?

ಹಳೆಯ ರೀಲು

ನಾನು ಇದನ್ನು ಒಪ್ಪುವುದಿಲ್ಲ. ಪಾತ್ರಗಳ ಪಟ್ಟಿ ಓದಿದರೆ ನಿಮಗೆ ಹಾಗೆ ಅನಿಸಬಹುದು, ಚಿತ್ರಗಳನ್ನು ನಿಧಾನವಾಗಿ ನೋಡಿದರೆ ಹಾಗೆ ಅನಿಸಲಾರದು.

ಗೋಯಿಂಗ್ ಮೈ ವೇಯಲ್ಲಿ ಪುಸ್ತಕದ ಕಪಾಟಿನ ದೃಶ್ಯವೊಂದಿದೆ. ಚರ್ಚಿನ ಹೊಣೆ ಕೈತಪ್ಪಿತೆಂದು ತಿಳಿದ ಫಾದರ್ ಫಿಟ್ಸ್‌ಗಿಬ್ಬನ್ ಮಳೆಯಲ್ಲಿ ಮನೆ ಬಿಟ್ಟು ಹೋಗಿ, ಕೊನೆಗೆ ಪೊಲೀಸಿನವನೊಬ್ಬನ ಜೊತೆ ಹಿಂದಿರುಗುತ್ತಾರೆ. ಅವರನ್ನು ಹಾಸಿಗೆಯಲ್ಲಿ ಮಲಗಿಸಿ ಊಟ ಕೊಡಲಾಗುತ್ತದೆ. ಆಮೇಲೆ ಕಪಾಟಿನಲ್ಲಿ ಜನರಲ್ ಗ್ರಾಂಟ್‌ನ ಜೀವನಚರಿತ್ರೆಯ ಹಿಂದೆ ಅಡಗಿಸಿಟ್ಟ ಪೆಟ್ಟಿಗೆಯ ಗುಟ್ಟು ಹೊರಬರುತ್ತದೆ. ಪೆಟ್ಟಿಗೆ ತೆರೆದರೆ ಐರಿಷ್ ಜೋಗುಳದ ರಾಗ ನುಡಿಯುತ್ತದೆ, ಒಳಗೆ ವಿಸ್ಕಿ ಬಾಟಲಿ. ಪ್ರತಿ ಕ್ರಿಸ್‌ಮಸ್‌ಗೆ ಊರಿನಿಂದ ತಾಯಿ ಕಳಿಸುವ ಬಾಟಲಿ ಅದು. ಆ ತಾಯಿಯನ್ನು ಅವರು ನೋಡಿ ನಲವತ್ತೈದು ವರ್ಷಗಳಾಗಿವೆ. ಈ ಮಾತನ್ನು ಫಿಟ್ಜೆರಾಲ್ಡ್ ಹೇಳುವ ರೀತಿಯನ್ನು ಗಮನಿಸಿ. ದನಿ ಏರಿಸುವುದಿಲ್ಲ, ಕಣ್ಣೊರೆಸಿಕೊಳ್ಳುವುದಿಲ್ಲ. ಇಲ್ಲಿ ಅಗ್ಗದ ಭಾವುಕತೆ ಎಲ್ಲಿದೆ, ನೀವೇ ತೋರಿಸಿ.

ಇನ್ನೊಂದು ಮಾತು. ಆ ಪಾತ್ರ ಮಾಡುವಾಗ ಅವರಿಗೆ ಇನ್ನೂ ಐವತ್ತೈದರ ಆಸುಪಾಸು. ನೋಡಿದವರು ಎಪ್ಪತ್ತು ದಾಟಿದವರೆಂದೇ ನಂಬುತ್ತಾರೆ. ಅದು ಬಣ್ಣದ ಪವಾಡವಲ್ಲ, ನಡಿಗೆಯದು ಮತ್ತು ಉಸಿರಿನದು. ಆ ವಿದ್ಯೆ ಆ್ಯಬಿಯಿಂದಲೇ ಬಂದದ್ದು.

ಒಂದನೇ ಬೆಂಚು

ಒಂದೇ ಪಾತ್ರಕ್ಕೆ ಎರಡು ಆಸ್ಕರ್ ನಾಮನಿರ್ದೇಶನ ಪಡೆದ ನಟ ಇವರೇ ಅಲ್ಲವೇ?

ಹಳೆಯ ರೀಲು

ಹೌದು, ಇವರೇ. 1944ರ ಚಿತ್ರಗಳಿಗೆ ಪ್ರಶಸ್ತಿ ಕೊಡುವಾಗ ಫಾದರ್ ಫಿಟ್ಸ್‌ಗಿಬ್ಬನ್ ಪಾತ್ರಕ್ಕೆ ಅತ್ಯುತ್ತಮ ನಟ ಮತ್ತು ಅತ್ಯುತ್ತಮ ಪೋಷಕ ನಟ ಎರಡೂ ವಿಭಾಗಗಳಲ್ಲಿ ಅವರ ಹೆಸರು ಬಂತು. ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಪೋಷಕ ನಟ ಪ್ರಶಸ್ತಿ ಅವರಿಗೂ, ನಟ ಪ್ರಶಸ್ತಿ ಅದೇ ಚಿತ್ರದ ಬಿಂಗ್ ಕ್ರಾಸ್ಬಿಗೂ ಸಂದಿತು. ಆಮೇಲೆ ಅಕಾಡೆಮಿ ನಿಯಮ ಬದಲಿಸಿ ಒಂದು ಪಾತ್ರ ಒಂದೇ ವಿಭಾಗದಲ್ಲಿ ಸ್ಪರ್ಧಿಸಬೇಕೆಂದು ಕಟ್ಟು ಹಾಕಿದ್ದರಿಂದ ಇದು ಇನ್ನೊಬ್ಬರಿಗೆ ಆಗುವಂತಿಲ್ಲ. ಆ ಚಿತ್ರಕ್ಕೆ ಒಟ್ಟು 7 ಆಸ್ಕರ್ ಬಂದವು. ನ್ಯೂಯಾರ್ಕಿನ ಚಿತ್ರ ವಿಮರ್ಶಕರ ಬಳಗವಂತೂ ಆ ವರ್ಷ ಅತ್ಯುತ್ತಮ ನಟ ಎಂದು ಕ್ರಾಸ್ಬಿಯನ್ನಲ್ಲ, ಫಿಟ್ಜೆರಾಲ್ಡ್ ಅವರನ್ನೇ ಆರಿಸಿತು.

ಕಪ್ಪುಬಿಳುಪು

ಆ ಆಸ್ಕರ್ ಬೊಂಬೆಯ ತಲೆಯನ್ನು ಅವರೇ ಹಾರಿಸಿದರು ಎಂಬ ಕಥೆಯನ್ನು ಕೇಳಿದ್ದೇನೆ. ಅದು ನಿಜವೇ?

ಹಳೆಯ ರೀಲು

ನಿಜ. ಯುದ್ಧಕಾಲದಲ್ಲಿ ಲೋಹದ ಅಭಾವವಿದ್ದ ಕಾರಣ ಪ್ರಶಸ್ತಿಯನ್ನು ಪ್ಲಾಸ್ಟರಿನಲ್ಲಿ ಮಾಡಿ ಬಣ್ಣ ಬಳಿದು ಕೊಡುತ್ತಿದ್ದರು. ಫಿಟ್ಜೆರಾಲ್ಡ್ ಅವರಿಗೆ ಗಾಲ್ಫ್ ಎಂದರೆ ಪ್ರಾಣ. ಮನೆಯೊಳಗೆ ಗಾಲ್ಫ್ ಕೋಲು ಬೀಸಿ ಅಭ್ಯಾಸ ಮಾಡುವಾಗ ಏಟು ಬೊಂಬೆಗೆ ತಗುಲಿ ತಲೆ ಹಾರಿಹೋಯಿತು. ಆಮೇಲೆ ಅವರಿಗೆ ಬದಲಿ ಬೊಂಬೆ ಸಿಕ್ಕಿತು.

ನಿವೃತ್ತ ಗುಮಾಸ್ತ

ಪ್ರಶಸ್ತಿಯ ಮಾತು ಇರಲಿ. ನನಗೆ ಈ ಮನುಷ್ಯನ ಬದುಕಿನಲ್ಲಿ ದೊಡ್ಡದಾಗಿ ಕಾಣುವುದು ಬೇರೆಯೇ ಸಂಗತಿ. ಇವರು ಸರ್ಕಾರಿ ಗುಮಾಸ್ತರು. ನಿಜವಾದ ಹೆಸರು ವಿಲಿಯಂ ಜೋಸೆಫ್ ಶೀಲ್ಡ್ಸ್. 1888ರ ಮಾರ್ಚ್ 10ರಂದು ಹುಟ್ಟಿದವರು. ಪರೀಕ್ಷೆ ಪಾಸು ಮಾಡಿ ಡಬ್ಲಿನ್ನಿನ ಸರ್ಕಾರಿ ಕಚೇರಿಯಲ್ಲಿ ನಿರುದ್ಯೋಗಿಗಳ ಕಡತ ನೋಡುವ ಕೆಲಸಕ್ಕೆ ಸೇರಿದರು. ಹಗಲು ಕಡತ, ಸಂಜೆ ಆ್ಯಬಿಯಲ್ಲಿ ತಾಲೀಮು, ರಾತ್ರಿ ಪ್ರದರ್ಶನ. ಸರ್ಕಾರಿ ನೌಕರ ನಾಟಕದಲ್ಲಿ ಕಾಣಿಸಿಕೊಂಡರೆ ಮೇಲಿನವರು ಮುಖ ಗಂಟಿಕ್ಕುತ್ತಿದ್ದ ಕಾಲವಾದ್ದರಿಂದ ಬ್ಯಾರಿ ಫಿಟ್ಜೆರಾಲ್ಡ್ ಎಂಬ ಹೆಸರನ್ನು ಇಟ್ಟುಕೊಂಡರು. ಶರಾವತಿ ತೀರದವರು ಹೇಳುವ ಬಾಯ್ಲ್ ಪಾತ್ರ ಮಾಡಿದಾಗಲೂ ಅವರು ಹಗಲಿನಲ್ಲಿ ಗುಮಾಸ್ತರೇ. ಕೆಲಸ ಬಿಟ್ಟದ್ದು 1929ರಲ್ಲಿ, ಓ'ಕೇಸಿಯ ದಿ ಸಿಲ್ವರ್ ಟ್ಯಾಸಿ ನಾಟಕದಲ್ಲಿ ಪಾತ್ರ ಮಾಡಲು ಲಂಡನ್ನಿಗೆ ಹೋಗುವಾಗ. ಆಗ ಅವರಿಗೆ ನಲವತ್ತೊಂದು ವರ್ಷ.

ಇದನ್ನು ಓದುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾನೂ ಮೂವತ್ತು ವರ್ಷ ಒಂದು ಕಚೇರಿಯಲ್ಲಿ ಕಡತ ಹೊತ್ತು ಸಂಜೆ ಬಣ್ಣ ಹಚ್ಚಿದವನು. ಒಮ್ಮೆ ಅನುಮತಿಯಿಲ್ಲದೆ ಪಕ್ಕದ ಜಿಲ್ಲೆಯಲ್ಲಿ ಪ್ರದರ್ಶನಕ್ಕೆ ಹೋಗಿ ಬಂದದ್ದಕ್ಕೆ ಮೆಮೊ ಕೊಟ್ಟಿದ್ದರು. ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಆ ವಾರದ ತಾಲೀಮಿಗೆ ಹೋದೆ. ನಲವತ್ತೊಂದರಲ್ಲಿ ಪಿಂಚಣಿ ಬರುವ ಕೆಲಸ ಬಿಡುವುದೆಂದರೆ ಏನೆಂದು ಬಿಟ್ಟವರಿಗೇ ಗೊತ್ತು, ಬಿಡಲಾಗದೆ ಉಳಿದವರಿಗೂ ಗೊತ್ತು. ಅಂಥವರು ನಲವತ್ತೆಂಟನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ದುಡಿದರೆ ಅದನ್ನು ಪತನವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಶರಾವತಿ ತೀರ

ಗುಮಾಸ್ತರೇ, ನಿಮ್ಮ ಮಾತು ನನಗೆ ನಾಟಿತು. ಆದರೆ ನಾನು ಅವರನ್ನು ದೂರುತ್ತಿಲ್ಲ. ಅವರನ್ನು ಬಳಸಿಕೊಂಡ ರೀತಿಯನ್ನು ದೂರುತ್ತಿದ್ದೇನೆ.

ಲಿಫಿ ದಂಡೆಯ ಕನ್ನಡಿಗ

ನಾನು ಒಂಬತ್ತು ವರ್ಷಗಳಿಂದ ಡಬ್ಲಿನ್ನಿನಲ್ಲಿದ್ದೇನೆ, ಅದರಲ್ಲಿ ನಾಲ್ಕು ವರ್ಷ ಪೋರ್ಟೊಬೆಲ್ಲೊ ಬಡಾವಣೆಯ ಹತ್ತಿರ ವಾಸವಾಗಿದ್ದೆ. ಫಿಟ್ಜೆರಾಲ್ಡ್ ಹುಟ್ಟಿದ ವಾಲ್‌ವರ್ತ್ ರಸ್ತೆ ಅಲ್ಲೇ ಇದೆ. ಕೆಂಪು ಇಟ್ಟಿಗೆಯ ಮನೆಗಳು ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತಿರುವ ಸಣ್ಣ ಬೀದಿ ಅದು. ಅದೇ ಬೀದಿಯಲ್ಲಿ ಈಗ ಐರಿಷ್ ಯಹೂದಿ ವಸ್ತುಸಂಗ್ರಹಾಲಯವಿದೆ. ತಂದೆ ಐರಿಷ್, ಕಾರ್ಮಿಕ ಚಳವಳಿಯಲ್ಲಿ ಓಡಾಡಿದವರು. ತಾಯಿ ಜರ್ಮನ್ ಮೂಲದವರು.

ಮೇಲಿನ ಬರಹಗಳಲ್ಲಿ ಯಾರೂ ಹೇಳದ ಒಂದು ಸಂಗತಿಯಿದೆ. ಆ ಕುಟುಂಬ ಪ್ರಾಟೆಸ್ಟೆಂಟ್. ಪರದೆಯ ಮೇಲೆ ಅತ್ಯಂತ ಪ್ರಸಿದ್ಧ ಐರಿಷ್ ಕ್ಯಾಥೊಲಿಕ್ ಪಾದ್ರಿಯಾದವರು ಹುಟ್ಟಿನಿಂದ ಕ್ಯಾಥೊಲಿಕ್ ಅಲ್ಲ. ಇಲ್ಲಿನ ಹಿರಿಯರೊಬ್ಬರು ನನಗೆ ಇದನ್ನು ಹೇಳಿದಾಗ ನಾನು ನಂಬಿರಲಿಲ್ಲ.

ಒಂದನೇ ಬೆಂಚು

ಹಾಗಾದರೆ ಆ ಪಾತ್ರವನ್ನು ಅವರು ಒಳಗಿನಿಂದ ಬಲ್ಲವರಲ್ಲ ಎಂದಾಯಿತು. ನಕಲು ಮಾಡಿದರು ಎನ್ನಬೇಕಾಗುತ್ತದೆ.

ಲಿಫಿ ದಂಡೆಯ ಕನ್ನಡಿಗ

ಅದು ಸರಿಯಲ್ಲ. ಡಬ್ಲಿನ್ನಿನಲ್ಲಿ ಹುಟ್ಟಿ ಬೆಳೆದವನು ಪಕ್ಕದ ಬೀದಿಯ ಪಾದ್ರಿಯನ್ನು ದಿನವೂ ನೋಡಿರುತ್ತಾನೆ. ಸ್ವಲ್ಪ ಹೊರಗೆ ನಿಂತು ನೋಡುವವನ ಕಣ್ಣಿಗೆ ಎಷ್ಟೋ ವಿವರ ಹೆಚ್ಚಾಗಿಯೇ ಬೀಳುತ್ತದೆ. ಆ ಪಾದ್ರಿಯ ಹಟ, ತನ್ನ ಚರ್ಚಿನ ಬಗೆಗಿನ ಹೆಮ್ಮೆ, ಕಿರಿಯ ಪಾದ್ರಿಯ ಎದುರು ಸೋತಾಗಿನ ಮಕ್ಕಳಂಥ ಮುನಿಸು ಇವೆಲ್ಲ ಬರಿಯ ನಕಲಿನಿಂದ ಬರುವಂಥವಲ್ಲ.

ಇತಿಹಾಸದ ವಿದ್ಯಾರ್ಥಿನಿ

ಫಿಟ್ಜೆರಾಲ್ಡ್ ಅವರ ತಮ್ಮನ ವಿಷಯ ಬಾರದೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. ಆರ್ಥರ್ ಶೀಲ್ಡ್ಸ್ ಎಂಟು ವರ್ಷ ಚಿಕ್ಕವರು, ಆ್ಯಬಿಯ ನಟ ಮತ್ತು ನಿರ್ದೇಶಕ. 1916ರ ಈಸ್ಟರ್ ದಂಗೆಯಲ್ಲಿ ಬಂದೂಕು ಹಿಡಿದು ಬ್ರಿಟಿಷರ ವಿರುದ್ಧ ಹೋರಾಡಿ, ಸೆರೆಯಾಗಿ, ವೇಲ್ಸಿನ ಫ್ರಾಂಗಾಕ್ ಶಿಬಿರದಲ್ಲಿ ಬಂಧನದಲ್ಲಿದ್ದವರು. ಪ್ರಾಟೆಸ್ಟೆಂಟರೆಲ್ಲ ಬ್ರಿಟಿಷರ ಪರವಾಗಿದ್ದರು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದವರು ಇದನ್ನು ಗಮನಿಸಬೇಕು. ಆ್ಯಬಿಯಿಂದ ದಂಗೆಗೆ ಹೋದವರು ಇನ್ನೂ ಹಲವರಿದ್ದರು. ಅವರಲ್ಲಿ ನಟ ಶಾನ್ ಕಾನಲಿ ಡಬ್ಲಿನ್ ಸಿಟಿ ಹಾಲ್ ಬಳಿ ಮೊದಲ ದಿನವೇ ಗುಂಡಿಗೆ ಬಲಿಯಾದರು.

ಹತ್ತು ವರ್ಷಗಳ ನಂತರ, 1926ರ ಫೆಬ್ರವರಿಯಲ್ಲಿ, ಅದೇ ದಂಗೆಯನ್ನು ಬಡವರ ವಠಾರದಿಂದ ನೋಡುವ ಓ'ಕೇಸಿಯ ದಿ ಪ್ಲೌ ಅಂಡ್ ದ ಸ್ಟಾರ್ಸ್ ಅದೇ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ಹೆಂಡದಂಗಡಿಯೊಳಕ್ಕೆ ಐರಿಷ್ ತ್ರಿವರ್ಣ ಧ್ವಜ ತಂದದ್ದು, ವೇಶ್ಯೆಯ ಪಾತ್ರವಿದ್ದದ್ದು, ದಂಗೆಯ ನಾಯಕ, ಹುತಾತ್ಮ ಪಿಯರ್ಸ್‌ನ ಮಾತುಗಳನ್ನು ಅಂಥ ಜಾಗದಲ್ಲಿ ಕೇಳಿಸಿದ್ದು ಸಭಿಕರನ್ನು ಕೆರಳಿಸಿತು. ಪ್ರತಿಭಟನೆಯ ಮುಂಚೂಣಿಯಲ್ಲಿದ್ದವರು ಹ್ಯಾನಾ ಶೀಹಿ ಸ್ಕೆಫಿಂಗ್ಟನ್. ಅವರ ಗಂಡನನ್ನು 1916ರಲ್ಲಿ ಬ್ರಿಟಿಷ್ ಸೈನಿಕರು ಗುಂಡಿಟ್ಟು ಕೊಂದಿದ್ದರು. ಆದ್ದರಿಂದ ಆ ಸಿಟ್ಟನ್ನು ನಾವು ಹಗುರವಾಗಿ ಕಾಣಬಾರದು. ಕೆಲವರು ರಂಗದ ಮೇಲೆ ಏರಿದರು, ಕೈಕೈ ಮಿಲಾಯಿಸಿತು. ಫ್ಲೂಥರ್ ಗುಡ್ ಪಾತ್ರದಲ್ಲಿದ್ದ ಫಿಟ್ಜೆರಾಲ್ಡ್ ಮೇಲೇರಿದವನೊಬ್ಬನನ್ನು ಗುದ್ದಿ ಕೆಳಕ್ಕೆ ಕೆಡವಿದರು. ಯೇಟ್ಸ್ ಬಂದು, ನೀವು ಮತ್ತೊಮ್ಮೆ ನಿಮ್ಮ ಮಾನ ಕಳೆದುಕೊಂಡಿದ್ದೀರಿ ಎಂದು ಸಭೆಯನ್ನು ಗದರಿದರು.

ಜಾನ್ ಫೋರ್ಡ್ 1936ರಲ್ಲಿ ಈ ನಾಟಕವನ್ನು ಸಿನಿಮಾ ಮಾಡಲು ಆ್ಯಬಿಯ ನಟರನ್ನು ಹಾಲಿವುಡ್‌ಗೆ ಕರೆಸಿದರು. ಫಿಟ್ಜೆರಾಲ್ಡ್ ಮತ್ತೆ ಫ್ಲೂಥರ್ ಆದರು. ಪಿಯರ್ಸ್ ಪಾತ್ರವನ್ನು ಮಾಡಿದವರು ಆರ್ಥರ್ ಶೀಲ್ಡ್ಸ್. ಯಾರ ನೇತೃತ್ವದಲ್ಲಿ ಇಪ್ಪತ್ತನೆಯ ವಯಸ್ಸಿನಲ್ಲಿ ಬಂದೂಕು ಹಿಡಿದಿದ್ದರೋ ಅದೇ ನಾಯಕನ ವೇಷವನ್ನು ಇಪ್ಪತ್ತು ವರ್ಷಗಳ ನಂತರ ಸ್ಟುಡಿಯೋದ ದೀಪಗಳ ಕೆಳಗೆ ಹಾಕಿಕೊಂಡರು. ಆ ಕೆಲವು ನಿಮಿಷಗಳ ದೃಶ್ಯವನ್ನು ನಾನು ಅದೆಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಕಪ್ಪುಬಿಳುಪು

ವಿದ್ಯಾರ್ಥಿನಿಯವರ ಮಾತಿಗೆ ಒಂದು ಸೇರ್ಪಡೆ. ಆ ಚಿತ್ರದಲ್ಲಿ ನಾಯಕಿ ಬಾರ್ಬರಾ ಸ್ಟ್ಯಾನ್‌ವಿಕ್, ನಾಯಕ ಪ್ರೆಸ್ಟನ್ ಫಾಸ್ಟರ್. ಅಮೆರಿಕದ ತಾರೆಯರು ನಡುವೆ, ನಾಟಕವನ್ನು ಬಲ್ಲ ಐರಿಷ್ ನಟರು ಅಂಚಿನಲ್ಲಿ. ಶರಾವತಿ ತೀರದವರ ದೂರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಶರಾವತಿ ತೀರ

ಅದಕ್ಕೂ ಮುಂಚಿನ ಸಾಕ್ಷಿಯಿದೆ. ಹಿಚ್‌ಕಾಕ್ 1930ರಲ್ಲಿ ಜೂನೋ ಅಂಡ್ ದ ಪೇಕಾಕ್ ನಾಟಕವನ್ನು ಚಿತ್ರ ಮಾಡಿದರು. ಅದರಲ್ಲಿ ಫಿಟ್ಜೆರಾಲ್ಡ್ ಇದ್ದಾರೆ, ಕ್ಯಾಪ್ಟನ್ ಬಾಯ್ಲ್ ಆಗಿ ಅಲ್ಲ. ಬಾಯ್ಲ್ ಪಾತ್ರ ಎಡ್ವರ್ಡ್ ಚಾಪ್‌ಮನ್ ಎಂಬ ಇಂಗ್ಲಿಷ್ ನಟನಿಗೆ ಹೋಯಿತು. ಯಾರ ದೇಹದಲ್ಲಿ ಆ ಪಾತ್ರ ಹುಟ್ಟಿತೋ ಅವರು ಚಿತ್ರದ ಆರಂಭದಲ್ಲಿ ಬೀದಿ ಭಾಷಣಕಾರನಾಗಿ ಬಂದು ಹೋಗುತ್ತಾರೆ. ಜೂನೋ ಪಾತ್ರವನ್ನು ಮಾತ್ರ ಆ್ಯಬಿಯ ಸಾರಾ ಆಲ್‌ಗುಡ್ ಅವರಿಗೇ ಕೊಟ್ಟರು. ಹೀಗಾಗಿ ಫಿಟ್ಜೆರಾಲ್ಡ್ ಅವರ ಬಾಯ್ಲ್ ಹೇಗಿತ್ತೆಂದು ನೋಡುವ ಭಾಗ್ಯ ನಮಗೆ ಪೂರ್ಣವಾಗಿ ತಪ್ಪಿಹೋಯಿತು. ನನ್ನ ಸಂಕಟದ ಮೂಲ ಇದೇ.

ಇನ್ನೊಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. 1924ರಲ್ಲಿ ಬಾಯ್ಲ್‌ನ ಗೆಳೆಯ ಜಾಕ್ಸರ್ ಪಾತ್ರ ಮಾಡಿದ ಎಫ್. ಜೆ. ಮೆಕಾರ್ಮಿಕ್ ಡಬ್ಲಿನ್ ಬಿಟ್ಟು ಹೋಗಲಿಲ್ಲ. ಆ್ಯಬಿಯಲ್ಲೇ ನೂರಾರು ಪಾತ್ರ ಮಾಡಿದರು. ಅವರನ್ನು ಫಿಟ್ಜೆರಾಲ್ಡ್‌ಗಿಂತ ದೊಡ್ಡ ನಟ ಎನ್ನುವವರಿದ್ದಾರೆ. ಕ್ಯಾರಲ್ ರೀಡ್ ನಿರ್ದೇಶಿಸಿದ ಆಡ್ ಮ್ಯಾನ್ ಔಟ್‌ನಲ್ಲಿ ಅವರು ಮಾಡಿದ ಶೆಲ್ ಪಾತ್ರವನ್ನು ನೋಡಿ. ಹಕ್ಕಿ ಸಾಕುವ ಆ ದರಿದ್ರ ಮುದುಕ ನಗಿಸುತ್ತಾನೆ ಮತ್ತು ಹೆದರಿಸುತ್ತಾನೆ, ಎರಡನ್ನೂ ಒಂದೇ ಗಳಿಗೆಯಲ್ಲಿ. ನಾನು ಹೇಳುವ ವಿಷ ಅಲ್ಲಿದೆ.

ಹಳೆಯ ರೀಲು

ಮೆಕಾರ್ಮಿಕ್ ದೊಡ್ಡ ನಟ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಹೇಳಿದ ಚಿತ್ರ ತೆರೆಕಂಡ 1947ರಲ್ಲೇ, ಕೆಲವೇ ತಿಂಗಳಲ್ಲಿ, ಅವರು ತೀರಿಕೊಂಡರು. ಆ ಒಂದು ಚಿತ್ರ ಇಲ್ಲದಿದ್ದರೆ ಇಂದು ನಾವು ಅವರ ಹೆಸರನ್ನೂ ಎತ್ತುತ್ತಿರಲಿಲ್ಲ. ರಂಗದ ಮೇಲೆ ಮಾಡಿದ ನೂರಾರು ಪಾತ್ರಗಳು ಪ್ರೇಕ್ಷಕರ ಜೊತೆಗೇ ಹೋದವು. ಫಿಟ್ಜೆರಾಲ್ಡ್ ಹಾಲಿವುಡ್‌ಗೆ ಹೋದದ್ದರಿಂದ ನಾವು ಕಳೆದುಕೊಂಡದ್ದನ್ನು ಲೆಕ್ಕ ಹಾಕುವಾಗ ಇದನ್ನೂ ತಕ್ಕಡಿಗೆ ಹಾಕಿ.

ಎಲ್ಲ ಪಾತ್ರಗಳೂ ಕುಡುಕ ಮುದುಕರು ಎಂಬ ಮಾತೂ ಸರಿಯಲ್ಲ. 1948ರ ದಿ ನೇಕೆಡ್ ಸಿಟಿಯಲ್ಲಿ ಅವರು ಲೆಫ್ಟಿನೆಂಟ್ ಡ್ಯಾನ್ ಮಲ್ಡೂನ್, ನ್ಯೂಯಾರ್ಕ್ ಪೊಲೀಸಿನ ಕೊಲೆ ತನಿಖಾಧಿಕಾರಿ. ಸ್ಟುಡಿಯೋ ಬಿಟ್ಟು ನ್ಯೂಯಾರ್ಕಿನ ನಿಜವಾದ ಬೀದಿಗಳಲ್ಲಿ ಚಿತ್ರೀಕರಿಸಿ, ಛಾಯಾಗ್ರಹಣ ಮತ್ತು ಸಂಕಲನಕ್ಕೆ ಆಸ್ಕರ್ ಪಡೆದ ಚಿತ್ರ. ಆ ಕಾಲದ ಪತ್ತೇದಾರರೆಲ್ಲ ಅಗಲ ಹೆಗಲಿನ ಗಟ್ಟಿ ಆಳುಗಳು. ಇವರು ಸಣ್ಣ ಆಳು, ಟೋಪಿಯಡಿಯಿಂದ ಪಿಳಿಪಿಳಿ ನೋಡುವ ಕಣ್ಣು. ಸುಳ್ಳು ಹೇಳುವ ಸಾಕ್ಷಿಯ ಎದುರು ಕುಳಿತು ತಾತನಂತೆ ಮೆತ್ತಗೆ ಪ್ರಶ್ನೆ ಕೇಳುತ್ತಾರೆ. ಎದುರಿನವನು ಸಡಿಲಾಗುತ್ತಾನೆ, ಆಗ ಆ ಕಣ್ಣು ಒಂದು ಕ್ಷಣ ಗಟ್ಟಿಯಾಗುತ್ತದೆ. ಹಾಸ್ಯ ಪಾತ್ರದಲ್ಲಿ ಕಲಿತ ಸಮಯದ ಹದವನ್ನು ಇಷ್ಟು ಗಂಭೀರ ಕೆಲಸಕ್ಕೆ ಬಳಸಿದವರು ಕಡಿಮೆ.

ಕಪ್ಪುಬಿಳುಪು

ಅಗಾಥಾ ಕ್ರಿಸ್ಟಿಯ ಕಾದಂಬರಿಯಿಂದ 1945ರಲ್ಲಿ ಬಂದ ಅಂಡ್ ದೆನ್ ದೇರ್ ವರ್ ನನ್ ಚಿತ್ರವನ್ನೂ ಸೇರಿಸಿಕೊಳ್ಳಿ. ಅದರಲ್ಲಿ ಅವರು ನಿವೃತ್ತ ನ್ಯಾಯಾಧೀಶ. ಗೋಯಿಂಗ್ ಮೈ ವೇಯ ಮುದ್ದು ಪಾದ್ರಿಯೆಂದು ಅಮೆರಿಕದ ಜನ ಅವರನ್ನು ತಬ್ಬಿಕೊಂಡ ಮರುವರ್ಷವೇ ಬಂದ ಚಿತ್ರ ಅದು. ಆ ನಂಬಿಕೆಯನ್ನು ನಿರ್ದೇಶಕರು ಹೇಗೆ ಬಳಸಿಕೊಂಡರು ಎಂಬುದು ಕೊನೆಯಲ್ಲಿ ತಿಳಿಯುತ್ತದೆ.

ಒಂದನೇ ಬೆಂಚು

ದಯವಿಟ್ಟು ಅಂತ್ಯವನ್ನು ಯಾರೂ ಹೇಳಬೇಡಿ, ನಾನು ಭಾನುವಾರ ನೋಡುವವನಿದ್ದೇನೆ.

ನಿವೃತ್ತ ಗುಮಾಸ್ತ

ಗಂಭೀರ ಚರ್ಚೆಯ ನಡುವೆ ಒಂದು ಸಣ್ಣ ಕಥೆ, ಹೊಸದಾಗಿ ಬಣ್ಣ ಹಚ್ಚುವ ಹುಡುಗರಿಗೆ ಧೈರ್ಯ ಬರಲೆಂದು. ಆ್ಯಬಿಯಲ್ಲಿ ಇವರಿಗೆ ಮೊದಮೊದಲು ಸಿಕ್ಕಿದ್ದು ಶೆರಿಡನ್ನನ ದಿ ಕ್ರಿಟಿಕ್ ನಾಟಕದಲ್ಲಿ ಒಂದೇ ಒಂದು ಸಾಲಿನ ಪಾತ್ರವಂತೆ. ಹೇಳಬೇಕಾಗಿದ್ದ ಮಾತು 'ಮೀಟ್ ಇಟ್ ಶುಡ್'. ಹೆದರಿಕೆಯಲ್ಲಿ ಎರಡು ಪದಗಳ ಮೊದಲಕ್ಷರ ಅದಲುಬದಲಾಗಿ 'ಶೀಟ್ ಇಟ್ ಮುಡ್' ಎಂದುಬಿಟ್ಟರು. ಜನ ಹೋ ಎಂದು ನಕ್ಕರು. ಇದನ್ನು ಅವರೇ ಹೇಳಿಕೊಳ್ಳುತ್ತಿದ್ದರು ಎನ್ನುತ್ತಾರೆ. ಒಂದು ಸಾಲಿನ ಪಾತ್ರಕ್ಕೂ ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಆ ಗಳಿಗೆಯ ಬೆವರು ಗೊತ್ತು.

ಗಾಲ್ವೆ ಕಡೆಯವಳು

ನಾನು ಗಾಲ್ವೆಯಲ್ಲಿ ದಾದಿಯಾಗಿ ಕೆಲಸ ಮಾಡುತ್ತೇನೆ. ಊರಿನಿಂದ ಯಾರೇ ಬರಲಿ, ಒಂದು ದಿನ ಕಾಂಗ್ ಹಳ್ಳಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿ. 1951ರ ಬೇಸಿಗೆಯಲ್ಲಿ ದಿ ಕ್ವಯಟ್ ಮ್ಯಾನ್ ಚಿತ್ರೀಕರಣವಾದ ಊರು. ಜಾನ್ ವೇನ್ ಮೌರೀನ್ ಓ'ಹಾರಾಳನ್ನು ಎತ್ತಿಕೊಂಡಿರುವ ಪ್ರತಿಮೆ ನಿಲ್ಲಿಸಿದ್ದಾರೆ. ಚಿತ್ರದಲ್ಲಿ ಫಿಟ್ಜೆರಾಲ್ಡ್‌ನ ಕುದುರೆ ತಾನಾಗಿಯೇ ನಿಲ್ಲುವ ಕೋಹನ್‌ನ ಹೆಂಡದಂಗಡಿ ಆಗ ನಿಜವಾಗಿ ದಿನಸಿ ಅಂಗಡಿಯಾಗಿತ್ತು. ಎಷ್ಟೋ ವರ್ಷಗಳ ನಂತರ ಅದನ್ನು ನಿಜವಾದ ಪಬ್ ಮಾಡಿದರು. ರೈಲು ಬಂದು ನಿಲ್ಲುವ ದೃಶ್ಯದ ನಿಲ್ದಾಣ ಬ್ಯಾಲಿಗ್ಲುನಿನ್‌ನಲ್ಲಿದೆ, ಅದು ನಮ್ಮ ಗಾಲ್ವೆ ಜಿಲ್ಲೆಯೊಳಗೇ.

ಶರಾವತಿ ತೀರದವರೇ, ಅಕ್ಕ ಎನ್ನಲೋ ಅಣ್ಣ ಎನ್ನಲೋ ತಿಳಿಯದು. ನಿಮ್ಮ ಪ್ರಶ್ನೆಯನ್ನು ನನ್ನ ವಾರ್ಡಿನಲ್ಲಿದ್ದ ಹಿರಿಯ ರೋಗಿಯೊಬ್ಬರ ಮುಂದೆ ಇಟ್ಟಿದ್ದೆ. ಅವರ ಮಾತನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಚಿತ್ರ ಬಂದಾಗ ಪೇಟೆಯ ಓದಿದ ಜನಕ್ಕೆ ನಾಚಿಕೆಯಾಗಿತ್ತಂತೆ, ನಮ್ಮನ್ನು ಕುಡಿಯುವವರು, ಹೊಡೆದಾಡುವವರು ಎಂದೇ ತೋರಿಸಿದರಲ್ಲ ಎಂದು. ಅವರ ಹಳ್ಳಿಯವರಿಗೆ ಮಾತ್ರ ಫಿಟ್ಜೆರಾಲ್ಡ್ ಮಾಡಿದ ಮೈಕಲೀನ್ ಓಗ್ ಫ್ಲಿನ್‌ನಲ್ಲಿ ತಮ್ಮೂರಿನ ದಲ್ಲಾಳಿಯ ಮುಖ ಕಂಡಿತಂತೆ. ಹೆಣ್ಣು ಗಂಡು ಹೊಂದಿಸುವವನು, ಕುದುರೆ ಜೂಜಿನ ಪಣ ಕಟ್ಟಿಸಿಕೊಳ್ಳುವವನು, ಎಲ್ಲರ ಮನೆಯ ಗುಟ್ಟು ಬಲ್ಲವನು. ಅಂಥವರು ನಿಜವಾಗಿಯೂ ಇದ್ದರು ಎಂದು ಆ ಹಿರಿಯರು ಹೇಳಿದರು.

ಇತಿಹಾಸದ ವಿದ್ಯಾರ್ಥಿನಿ

ಆ ಚಿತ್ರದಲ್ಲಿ ಆರ್ಥರ್ ಶೀಲ್ಡ್ಸ್ ಪ್ರಾಟೆಸ್ಟೆಂಟ್ ಪಾದ್ರಿ ಪ್ಲೇಫೇರ್ ಆಗಿದ್ದಾರೆ. ಪಾದ್ರಿಯ ಹೆಂಡತಿಯಾಗಿ ಬರುವ ಐಲೀನ್ ಕ್ರೋ ಅವರು ಮೇಲೆ ಹೇಳಿದ ಮೆಕಾರ್ಮಿಕ್ ಅವರ ಪತ್ನಿ. ಜಾಕ್ ಮೆಗೋರನ್ ಕೂಡ ಆ್ಯಬಿಯವರೇ. ನಾಯಕ ನಾಯಕಿಯ ಸುತ್ತ ನಿಂತ ಇಡೀ ಊರು ಒಂದು ರಂಗತಂಡ. ಅದಕ್ಕೇ ಆ ಹಳ್ಳಿ ಅಷ್ಟು ಜೀವಂತವಾಗಿ ಕಾಣುತ್ತದೆ. ಫೋರ್ಡ್‌ಗೆ ನಾಲ್ಕನೆಯ ನಿರ್ದೇಶನದ ಆಸ್ಕರ್ ತಂದುಕೊಟ್ಟದ್ದರಲ್ಲಿ ಆ ತಂಡದ ಪಾಲು ದೊಡ್ಡದು.

ಇದನ್ನೂ ಹೇಳಿಬಿಡುತ್ತೇನೆ. ಅದೇ 1951ರ ಬೇಸಿಗೆಯಲ್ಲಿ, ಜುಲೈ ತಿಂಗಳ ಒಂದು ರಾತ್ರಿ, ಡಬ್ಲಿನ್ನಿನ ಹಳೆಯ ಆ್ಯಬಿ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಆ ರಾತ್ರಿ ಅಲ್ಲಿ ಆಡಿದ ನಾಟಕ ದಿ ಪ್ಲೌ ಅಂಡ್ ದ ಸ್ಟಾರ್ಸ್. ನಾಟಕದ ಕೊನೆಯಲ್ಲಿ ಡಬ್ಲಿನ್ ನಗರ ಹೊತ್ತಿ ಉರಿಯುತ್ತದೆ. ಪ್ರದರ್ಶನ ಮುಗಿದು ಜನ ಮನೆಗೆ ಹೋದ ಮೇಲೆ ರಂಗಮಂದಿರವೇ ಹೊತ್ತಿಕೊಂಡಿತು. ತಂಡ ಪ್ರದರ್ಶನ ನಿಲ್ಲಿಸಲಿಲ್ಲ. ಹೊಸ ಕಟ್ಟಡ ಸಿಗಲು 1966ರವರೆಗೆ ಕಾಯಬೇಕಾಯಿತು.

ಲಿಫಿ ದಂಡೆಯ ಕನ್ನಡಿಗ

ಆ ಹೊಸ ಕಟ್ಟಡದಲ್ಲಿ ನಾನು ಜೂನೋ ನಾಟಕ ನೋಡಿಲ್ಲ, ಮೇಲಿನದನ್ನೆಲ್ಲ ಓದಿದ ಮೇಲೆ ನೋಡಲೇಬೇಕೆನಿಸಿದೆ. ಐರಿಷ್ ಟೈಮ್ಸ್ ಪತ್ರಿಕೆ 2020ರಲ್ಲಿ ಐರ್ಲೆಂಡಿನ ಅತ್ಯುತ್ತಮ ಸಿನಿಮಾ ನಟನಟಿಯರ ಪಟ್ಟಿ ಮಾಡಿದಾಗ ಫಿಟ್ಜೆರಾಲ್ಡ್ ಅವರಿಗೆ 11ನೆಯ ಸ್ಥಾನ ಕೊಟ್ಟಿತ್ತು. ಸತ್ತು ಅರವತ್ತು ವರ್ಷ ಸಮೀಪಿಸಿದ್ದಾಗ ಸ್ವಂತ ಊರಿನ ಪತ್ರಿಕೆ ಹಾಗೆ ನೆನೆಸಿಕೊಂಡಿದೆ ಎಂದರೆ ಇಲ್ಲಿನವರು ಅವರನ್ನು ಕೋಡಂಗಿ ಎಂದು ತಳ್ಳಿಹಾಕಿಲ್ಲ ಎಂದೇ ಅರ್ಥ.

ಶರಾವತಿ ತೀರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ದಿ ನೇಕೆಡ್ ಸಿಟಿಯನ್ನು ನಿನ್ನೆ ರಾತ್ರಿ ನೋಡಿದೆ. ಹಳೆಯ ರೀಲಿನವರು ಕಣ್ಣಿನ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಗೋಯಿಂಗ್ ಮೈ ವೇಯ ಕೊನೆಯನ್ನೂ ಮತ್ತೆ ಹಾಕಿಕೊಂಡೆ. ತೊಂಬತ್ತು ದಾಟಿದ ತಾಯಿಯನ್ನು ಹೇಳದೆ ಕೇಳದೆ ಐರ್ಲೆಂಡಿನಿಂದ ಕರೆಸಿರುತ್ತಾರೆ. ಬಾಗಿಲಲ್ಲಿ ನಿಂತವಳನ್ನು ಕಂಡಾಗ ಆ ಮುದುಕನ ಕಾಲು ಒಂದು ಗಳಿಗೆ ಮುಂದಕ್ಕೆ ಏಳುವುದಿಲ್ಲ. ಹಿಂದೆ ಜೋಗುಳ ಕೇಳುತ್ತಿರುತ್ತದೆ. ಆಮೇಲೆ ಅವರು ಮಗುವಿನಂತೆ ನಡೆದು ಹೋಗಿ ಅವಳ ಹೆಗಲಿಗೆ ತಲೆಯಿಡುತ್ತಾರೆ. ನಾನು ಅತ್ತೆ. ಇದನ್ನು ಅಗ್ಗ ಎಂದು ಕರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಬಾಯ್ಲ್ ಪಾತ್ರದ ದುಃಖವನ್ನು ಮಾತ್ರ ಬಿಟ್ಟುಕೊಡಲಾರೆ. ಆ ಖಾಲಿ ಕೋಣೆಯ ದೃಶ್ಯ ಅವರ ದನಿಯಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ.

ಹಳೆಯ ರೀಲು

ಅದನ್ನು ನಾನೂ ಒಪ್ಪುತ್ತೇನೆ. ಒಂದು ಚೂರು ಸಮಾಧಾನ ಬೇಕಿದ್ದರೆ ಕ್ರೇಡಲ್ ಆಫ್ ಜೀನಿಯಸ್ ಎಂಬ ಸಾಕ್ಷ್ಯಚಿತ್ರವನ್ನು ಹುಡುಕಿ ನೋಡಿ. ಆ್ಯಬಿಯ ಕಥೆ ಹೇಳುವ ಚಿಕ್ಕ ಚಿತ್ರ, ಪಾಲ್ ರೋಥಾ ನಿರ್ದೇಶನ. ಫಿಟ್ಜೆರಾಲ್ಡ್ ಕೊನೆಗಾಲದಲ್ಲಿ ಹಾಲಿವುಡ್ ಬಿಟ್ಟು ಡಬ್ಲಿನ್ನಿಗೆ ಹಿಂದಿರುಗಿದ್ದರು. 1961ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಚಿತ್ರೀಕರಿಸಿದ ಭಾಗವೊಂದರಲ್ಲಿ ಅವರೂ ಓ'ಕೇಸಿಯೂ ಮತ್ತೆ ಭೇಟಿಯಾಗಿ ಮಾತಾಡುತ್ತಾರೆ. ಬಾಯ್ಲ್‌ನನ್ನು ಬರೆದವರು, ಬಾಯ್ಲ್ ಆದವರು, ಇಬ್ಬರೂ ಮುದುಕರಾಗಿ ಒಂದೇ ಚೌಕಟ್ಟಿನಲ್ಲಿ.

ನಿವೃತ್ತ ಗುಮಾಸ್ತ

ಇವತ್ತೇ ಹುಡುಕುತ್ತೇನೆ. ಶರಾವತಿ ತೀರದವರೇ, ನಿಮ್ಮ ತಂಡದ ಓದಿನಲ್ಲಿ ಕ್ಯಾಪ್ಟನ್ ಯಾರು? ಯಾರೂ ಆಗದಿದ್ದರೆ ನನಗೆ ಬಸ್ ದಾರಿ ಹೇಳಿ, ಬರುತ್ತೇನೆ. ಈಗ ಅನುಮತಿ ಕೇಳಬೇಕಾದವರು ಯಾರೂ ಇಲ್ಲ.